ಅಕ್ಷಯನೀವಿಯೂ ಲಾಭಾಂಶವೂ

ಪುಣೆಯಿಂದ ಲೋಣಾವಳಕ್ಕೆ ಹೋಗುವ ರೈಲುಮಾರ್ಗದಲ್ಲಿ ತಳೇಗಾಂವ ದಾಭಾಡೆ ಎಂಬ ಊರಿದೆ. ಮರಾಠರ ಸೇನಾಪತಿಗಳಾಗಿದ್ದ ದಾಭಾಡೆ ಮನೆತನದಿಂದ ಊರಿಗೆ ಈ ಹೆಸರು ಬಂದಿತು. ಇಲ್ಲಿಂದ ಪಶ್ಚಿಮಕ್ಕೆ ನಾಲ್ಕನೆಯ ನಿಲ್ದಾಣವಾದ ಮಳವಲಿಯಲ್ಲಿ ಇಳಿದರೆ ಕಾರ್ಲೆಯ ಬೌದ್ಧ ಗುಹೆಗಳಿಗೆ ದಾರಿ. ಊರಿನಲ್ಲಿಯೇ ೧೯೦೮ರಲ್ಲಿ, ಸ್ವದೇಶೀ ಚಳವಳಿಯ ಕಾವಿನಲ್ಲಿ, ಜನರ ಒಂದೊಂದು ಪೈಸೆಯನ್ನು ಕೂಡಿಸಿ ಕಟ್ಟಿದ ಗಾಜಿನ ಕಾರಖಾನೆ ತಲೆಯೆತ್ತಿತು. ಇಂದು ಊರ ಸುತ್ತಲೂ ಕೈಗಾರಿಕಾ ವಸಾಹತುಗಳು ಬೆಳೆದಿವೆ. ಮುಂಬಯಿ ಪುಣೆಗಳಲ್ಲಿ ನೌಕರಿ ಮಾಡಿ ವಿಶ್ರಾಂತರಾದ ಅನೇಕರು ತಂಪಾದ ಹವೆಯನ್ನು ಬಯಸಿ ಇಲ್ಲಿ ಮನೆ ಮಾಡಿದ್ದಾರೆ; ಅವರಲ್ಲಿ ಕನ್ನಡಿಗರೂ ಇದ್ದಾರೆ.

ಹೀಗೆ ನೆಲೆಸಿದ ನಿವೃತ್ತ ಶಿಕ್ಷಕರೊಬ್ಬರು ಈಚೆಗೆ ತಮ್ಮ ಲೆಕ್ಕಪತ್ರವನ್ನು ನನ್ನ ಮುಂದೆ ಇಟ್ಟರು. ಐದು ವರ್ಷಗಳ ಹಿಂದೆ ಅವರು ೧೦ ಲಕ್ಷ ರೂಪಾಯಿಗಳನ್ನು ಒಂದು ಮ್ಯೂಚುವಲ್ ಫಂಡಿನ ಮಾಸಿಕ ಲಾಭಾಂಶದ ಯೋಜನೆಯಲ್ಲಿ ತೊಡಗಿಸಿದ್ದರು. ತಿಂಗಳಿಗೆ ೮,೦೦೦ ರೂಪಾಯಿಯಂತೆ ತಪ್ಪದೆ ಬರುತ್ತಿತ್ತು. ಈಗ ಪತ್ರದಲ್ಲಿ ಉಳಿದ ಮೌಲ್ಯ ೮,೩೦,೦೦೦ ರೂಪಾಯಿ. “ನಾನು ಅಸಲನ್ನು ಮುಟ್ಟಿಯೇ ಇಲ್ಲವಲ್ಲ ರಾಯರೇ, ಅದು ಎಲ್ಲಿ ಹೋಯಿತು?” ಎಂದು ಅವರು ಕೇಳಿದರು. ಬ್ಯಾಂಕಿನ ಮೇಜಿನ ಹಿಂದೆ ಕುಳಿತವನಿಗೆ ಇದು ಹೊಸ ಪ್ರಶ್ನೆಯಲ್ಲ. ಆದರೆ ಇದಕ್ಕೆ ಸರಿಯಾದ ಉತ್ತರ ಹೇಳಬೇಕಾದರೆ ಲಾಭಾಂಶವೆಂದರೇನು, ಅದು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಬುಡದಿಂದ ವಿಚಾರಿಸಬೇಕಾಗುತ್ತದೆ. ಪ್ರಕೃತ ಲೇಖನದ ಉದ್ದೇಶ ಅಷ್ಟೇ.

೧. ಮುಟ್ಟದ ಮೂಲಧನ

ಮೂಲಧನವನ್ನು ಕರಗಿಸದೆ ಅದರ ಉತ್ಪನ್ನದಿಂದ ಮಾತ್ರ ನಿರ್ವಹಿಸಬೇಕೆಂಬ ಬಯಕೆ ನಮ್ಮಲ್ಲಿ ಬಹು ಪ್ರಾಚೀನವಾದುದು. ಅದಕ್ಕೆ ಶಾಸನಗಳಲ್ಲಿ ಅಕ್ಷಯನೀವಿ ಎಂಬ ಹೆಸರೇ ಇದೆ. ನೀವಿಯೆಂದರೆ ಮೂಲಧನ, ಅಕ್ಷಯನೀವಿಯೆಂದರೆ ಸವೆಯದ ಮೂಲಧನ. ಇದರ ಅತ್ಯಂತ ಸ್ಪಷ್ಟವಾದ ನಿದರ್ಶನ ನಾಸಿಕದ ಪಾಂಡವಲೇಣಿಯ ಹತ್ತನೆಯ ಗುಹೆಯಲ್ಲಿರುವ ಉಷವದಾತನ ಶಾಸನ. ಈತನು ಕ್ಷಹರಾತ ಕ್ಷತ್ರಪನಾದ ನಹಪಾನನ ಅಳಿಯ. ಕ್ರಿಸ್ತಶಕದ ಮೊದಲ ಎರಡು ಶತಮಾನಗಳ ಅವಧಿಯಲ್ಲಿ ಬಾಳಿದವನು. ನಮ್ಮ ಕಾರ್ಲೆಯ ಗುಹೆಗಳಿಗೆ ಗ್ರಾಮವೊಂದನ್ನು ದತ್ತಿಯಾಗಿ ಕೊಟ್ಟವನೂ ಈತನೇ.

ನಾಸಿಕದಲ್ಲಿ ಉಷವದಾತನು ೩,೦೦೦ ಕಾರ್ಷಾಪಣಗಳನ್ನು ಭಿಕ್ಷುಸಂಘಕ್ಕಾಗಿ ಇಟ್ಟನು. ಅದನ್ನು ಒಂದೇ ಕಡೆ ಇಡಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಗೋವರ್ಧನದ ನೇಕಾರರ ಒಂದು ಶ್ರೇಣಿಯಲ್ಲಿ ೨,೦೦೦ವನ್ನು ತಿಂಗಳಿಗೆ ನೂರಕ್ಕೆ ೧ರ ಬಡ್ಡಿಯಂತೆಯೂ, ನೇಕಾರರ ಇನ್ನೊಂದು ಶ್ರೇಣಿಯಲ್ಲಿ ೧,೦೦೦ವನ್ನು ತಿಂಗಳಿಗೆ ನೂರಕ್ಕೆ ಮುಕ್ಕಾಲರಂತೆಯೂ ಇಟ್ಟನು. ಈ ಹಣವನ್ನು ಮರಳಿ ಪಡೆಯತಕ್ಕದ್ದಲ್ಲ, ಬಡ್ಡಿಯನ್ನು ಮಾತ್ರ ಅನುಭವಿಸತಕ್ಕದ್ದು ಎಂದು ಕಟ್ಟಳೆ ಮಾಡಿದನು. ಮೊದಲನೆಯ ಠೇವಣಿಯ ವಾರ್ಷಿಕ ಬಡ್ಡಿ ೨೪೦ ಕಾರ್ಷಾಪಣ. ಇದರಿಂದ ೨೦ ಮಂದಿ ಭಿಕ್ಷುಗಳಿಗೆ ತಲೆಗೆ ೧೨ರಂತೆ ಚೀವರದ ವೆಚ್ಚ ಸಲ್ಲಬೇಕು. ೨೦ನ್ನು ೧೨ರಿಂದ ಗುಣಿಸಿದರೆ ೨೪೦ ಸರಿಯಾಗಿ ಬರುತ್ತದೆ. ಎರಡನೆಯದರ ಬಡ್ಡಿ ವರ್ಷಕ್ಕೆ ೯೦. ಈ ಏರ್ಪಾಡನ್ನು ನಿಗಮಸಭೆಯಲ್ಲಿ ಓದಿ ಹೇಳಿ, ಫಲಕದಲ್ಲಿ ದಾಖಲು ಮಾಡಿಸಿದನೆಂದೂ ಶಾಸನ ತಿಳಿಸುತ್ತದೆ. ಕನ್ನಡ ನಾಡಿನ ಶಾಸನಗಳಲ್ಲಿಯೂ ಗದ್ಯಾಣಗಳನ್ನು ದತ್ತಿಯಿಟ್ಟು ಅದರ ಬಡ್ಡಿಯಿಂದ ನಂದಾದೀವಿಗೆ ನಡೆಯಬೇಕೆಂದು ವಿಧಿಸಿರುವುದನ್ನು ವಾಚಕರು ಬಲ್ಲರು.

ಇಲ್ಲಿ ಎರಡು ಮಾತುಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದು, ಇದು ಬಡ್ಡಿ, ಲಾಭಾಂಶವಲ್ಲ. ನೇಕಾರರಿಗೆ ಲಾಭವಾಗಲಿ ನಷ್ಟವಾಗಲಿ, ಗೊತ್ತುಮಾಡಿದ ಹಣವನ್ನು ಅವರು ಕೊಡಬೇಕು. ಲಾಭ ಹೆಚ್ಚಾದರೂ ಭಿಕ್ಷುಗಳಿಗೆ ಹೆಚ್ಚಿಲ್ಲ. ಎರಡನೆಯದು, ೧೨ ಕಾರ್ಷಾಪಣಕ್ಕೆ ಕೊಟ್ಟ ವರ್ಷದಲ್ಲಿ ಎಷ್ಟು ಬಟ್ಟೆ ಬರುತ್ತಿತ್ತೋ ಐವತ್ತು ವರ್ಷಗಳ ಮೇಲೆಯೂ ಅಷ್ಟೇ ಬರುವುದೆಂದು ಯಾರೂ ಹೊಣೆ ಹೊತ್ತಿರಲಿಲ್ಲ. ನೀವಿಯು ಎಣಿಕೆಯಲ್ಲಿ ಅಕ್ಷಯ. ಕೊಳ್ಳುವ ಶಕ್ತಿಯಲ್ಲಿ ಅಕ್ಷಯವೆಂದು ಹೇಳುವಂತಿಲ್ಲ. ಇಂದಿನ ಬ್ಯಾಂಕಿನ ಮುದ್ದತು ಠೇವಣಿಯ ಗುಣವೂ ದೋಷವೂ ಇದೇ. ಬೆಲೆಗಳು ವರ್ಷಕ್ಕೆ ಶೇಕಡಾ ೬ರಂತೆ ಏರಿದರೆ ಸುಮಾರು ೧೨ ವರ್ಷಗಳಲ್ಲಿ ಠೇವಣಿಯ ಕೊಳ್ಳುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ.

೨. ಒಂದೊಂದು ಪೈಸೆಯ ನಿಧಿ

ಇನ್ನು ತಳೇಗಾಂವದ ಪೈಸಾ ಫಂಡನ್ನು ನೋಡೋಣ. ಅಂತಾಜಿ ದಾಮೋದರ ಕಾಳೆ ಎಂಬವರ ಕಲ್ಪನೆ ಇದು. ಪ್ರತಿಯೊಬ್ಬನೂ ವರ್ಷಕ್ಕೆ ಒಂದು ಪೈಸೆ ಕೊಟ್ಟರೆ ದೇಶದ ಕೈಗಾರಿಕೆಗೆ ಬಂಡವಾಳ ಕೂಡುವುದೆಂದು ನಂಬಿ ಅವರು ಊರೂರು ಅಲೆದರು. ಲೋಕಮಾನ್ಯ ತಿಲಕರು ಈ ಕಾರ್ಯಕ್ಕೆ ಬೆಂಬಲವಾಗಿ ನಿಂತರು. ಆಗಿನ ರೂಪಾಯಿಗೆ ೬೪ ಪೈಸೆ. ಸಾವಿರ ರೂಪಾಯಿ ಕೂಡಬೇಕಾದರೆ ೬೪,೦೦೦ ಮಂದಿ ಕೈನೀಡಬೇಕು. ಹೀಗೆ ಕೂಡಿದ ಹಣದಿಂದ ೧೯೦೮ರಲ್ಲಿ ಇಲ್ಲಿ ಗಾಜಿನ ಕಾರಖಾನೆ ಆರಂಭವಾಯಿತು. ಹೊರದೇಶದಲ್ಲಿ ಗಾಜಿನ ತಂತ್ರವನ್ನು ಕಲಿತು ಬಂದಿದ್ದ ಈಶ್ವರದಾಸ ವಾರ್ಷ್ಣೇಯರು ಮೊದಲಲ್ಲಿ ಅದನ್ನು ನಡೆಸಿದರು. ಕಾರಖಾನೆಯು ಗಾಜು ತಯಾರಿಸಿದುದಷ್ಟೇ ಅಲ್ಲ, ಗಾಜಿನ ಕೆಲಸವನ್ನು ಕಲಿಸುವ ಶಾಲೆಯೂ ಆಯಿತು.

ನಮ್ಮ ವಿಷಯಕ್ಕೆ ಇದರಿಂದ ತಿಳಿಯುವುದೇನೆಂದರೆ, ಪೈಸೆ ಕೊಟ್ಟವನಿಗೆ ಅಲ್ಲಿ ಲಾಭಾಂಶವಿರಲಿಲ್ಲ. ಅವನು ಕೊಟ್ಟದ್ದು ದಾನ. ಸಣ್ಣ ಸಣ್ಣ ಮೊತ್ತಗಳನ್ನು ಕೂಡಿಸಿದರೆ ದೊಡ್ಡ ಬಂಡವಾಳವಾಗುವುದೆಂಬ ಅರ್ಧ ಸತ್ಯವನ್ನು ಪೈಸಾ ಫಂಡ್ ತೋರಿಸಿಕೊಟ್ಟಿತು. ಆ ಬಂಡವಾಳದ ಫಲವು ಕೊಟ್ಟವನಿಗೆ ಅವನ ಪಾಲಿನಷ್ಟು ಮರಳಿ ಬರಬೇಕೆಂಬುದು ಉಳಿದರ್ಧ.

ಅದೇ ಕಾಲದಲ್ಲಿ ಕನ್ನಡ ಕರಾವಳಿಯು ಈ ಉಳಿದರ್ಧವನ್ನು ಸಾಧಿಸಹೊರಟಿತು. ೧೯೦೬ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ೧೯೧೦ರಲ್ಲಿ ಕೆನರಾ ಬ್ಯಾಂಕ್ ಆಯಿತು. ಅದೇ ೧೯೦೬ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ ಹುಟ್ಟಿತು. ಉಡುಪಿಯಲ್ಲಿಯೇ ೧೯೨೫ರಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ತಂದು, ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿನಲ್ಲಿಯೇ ಕೂಡಿಸತೊಡಗಿತು. ಠೇವಣಿದಾರನಿಗೆ ಬಡ್ಡಿ, ಷೇರುದಾರನಿಗೆ ಲಾಭಾಂಶ ಎಂಬ ಭೇದ ಇಲ್ಲಿ ಜನಕ್ಕೆ ಪರಿಚಿತವಾಯಿತು. ಠೇವಣಿದಾರನು ಸಾಲ ಕೊಟ್ಟವನು. ಷೇರುದಾರನು ಒಡೆತನದಲ್ಲಿ ಪಾಲುಳ್ಳವನು. ಎಲ್ಲರ ಬಾಕಿ ತೀರಿದ ಮೇಲೆ ಉಳಿದುದರಲ್ಲಿ ಮಾತ್ರ ಪಾಲುದಾರನಿಗೆ ಹಕ್ಕು. ಉಳಿದರೆ ಉಂಟು, ಉಳಿಯದಿದ್ದರೆ ಇಲ್ಲ.

೩. ಒಂದೇ ಮರವನ್ನು ನಂಬಿದರೆ

ತಮ್ಮ ಊರಿನ ಬ್ಯಾಂಕಿನ ಷೇರನ್ನು ಕೊಂಡು ಕಟ್ಟಿಟ್ಟವರಿಗೆ ಅದೊಂದು ತೆಂಗಿನ ಮರವಿದ್ದಂತೆ. ವರ್ಷಕ್ಕೊಮ್ಮೆ ಫಲ ಖಂಡಿತ. ಆದರೆ ೧೯೬೯ರ ಜುಲೈ ೧೯ರಂದು ಕೆನರಾ ಮತ್ತು ಸಿಂಡಿಕೇಟ್ ಸೇರಿದಂತೆ ೧೪ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ೧೯೮೦ರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳ ಸರದಿ ಬಂದಿತು. ರಾಷ್ಟ್ರೀಕರಣದ ಯುಕ್ತಾಯುಕ್ತತೆ ಇಲ್ಲಿ ನಮ್ಮ ವಿಷಯವಲ್ಲ. ಷೇರುದಾರನಿಗೆ ಪರಿಹಾರ ದೊರೆಯಿತು, ಲಾಭಾಂಶದ ಮರ ಮಾತ್ರ ಕೈಬಿಟ್ಟಿತು ಎಂಬಷ್ಟೇ ಇಲ್ಲಿ ಮುಖ್ಯ. ಬ್ಯಾಂಕು ಚೆನ್ನಾಗಿಯೇ ನಡೆಯುತ್ತಿತ್ತು; ಷೇರುದಾರನ ತಪ್ಪೂ ಇರಲಿಲ್ಲ. ಆದರೂ ಅವನ ಆದಾಯ ನಿಂತಿತು.

ಇನ್ನೂ ಈಚಿನ ನಿದರ್ಶನ ಬೇಕಾದರೆ, ೨೦೨೦ರಲ್ಲಿ ಕೊರೋನಾ ಪಿಡುಗಿನ ಕಾಲಕ್ಕೆ ರಿಸರ್ವ್ ಬ್ಯಾಂಕು ೨೦೧೯-೨೦ನೆಯ ಸಾಲಿಗೆ ಬ್ಯಾಂಕುಗಳು ಲಾಭಾಂಶ ಕೊಡಕೂಡದೆಂದು ವಿಧಿಸಿತು. ಬ್ಯಾಂಕು ಷೇರುಗಳನ್ನೇ ನೆಚ್ಚಿದವನಿಗೆ ಆ ವರ್ಷ ಬರಿಗೈ. ಉದ್ಯಮಗಳ ಏಳುಬೀಳನ್ನು ತಿಳಿಯಲು ತಳೇಗಾಂವದವರು ದೂರ ಹೋಗಬೇಕಾಗಿಲ್ಲ. ಊರ ಅಂಚಿನಲ್ಲಿ ೨೦೦೮ರಲ್ಲಿ ತೆರೆದ ಜನರಲ್ ಮೋಟರ್ಸ್ ಕಾರಖಾನೆ ೨೦೨೦ರ ಕೊನೆಯಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸಿತು. ಮುಂದೆ ಅದು ಹ್ಯುಂಡೈ ಸಂಸ್ಥೆಯ ಕೈಸೇರಿತು. ಸಂಸ್ಥೆಗಳು ಬರುತ್ತವೆ, ಹೋಗುತ್ತವೆ. ಉದ್ಯಮವು ಒಟ್ಟಿನಲ್ಲಿ ಮುಂದುವರಿಯುತ್ತದೆ. ಆದ್ದರಿಂದ ಒಂದು ಸಂಸ್ಥೆಯ ಬದಲು ಉದ್ಯಮದ ಒಟ್ಟು ಮೊತ್ತದಲ್ಲಿ ಪಾಲು ಹಿಡಿಯುವುದು ವಿವೇಕ. ಉಷವದಾತನು ಎರಡು ಶ್ರೇಣಿಗಳಲ್ಲಿ ಹಣವಿಟ್ಟುದು ಈ ದಿಕ್ಕಿನ ಮೊದಲ ಹೆಜ್ಜೆ. ಆದರೆ ಎರಡೂ ನೇಕಾರರವೇ ಆದುದರಿಂದ ಅದು ಅರ್ಧ ಹೆಜ್ಜೆಯೆನ್ನಬೇಕು.

೪. ಕೂಡುನಿಧಿಯ ಹುಟ್ಟು ಮತ್ತು ಒಂದು ಪಾಠ

ಸಣ್ಣ ಹೂಡಿಕೆದಾರನಿಗೆ ಹತ್ತಾರು ಕಡೆ ಹಣ ಹರಡುವ ಶಕ್ತಿಯಿಲ್ಲ. ಈ ಕೊರತೆಯನ್ನು ನೀಗಲು ಹುಟ್ಟಿದುದೇ ಕೂಡುನಿಧಿ. ೧೭೭೪ರಲ್ಲಿ ಆಮ್‌ಸ್ಟರ್‌ಡಾಮಿನ ಆಬ್ರಹಾಂ ವಾನ್ ಕೆಟ್ವಿಖ್ ಎಂಬ ವರ್ತಕನು ಇಂಥ ನಿಧಿಯೊಂದನ್ನು ತೆರೆದನು. ಅದರ ಹೆಸರಿನ ಅರ್ಥವೇ ‘ಒಗ್ಗಟ್ಟಿನಿಂದ ಬಲ’ ಎಂದು. ೧೮೬೮ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಫಾರಿನ್ ಅಂಡ್ ಕಲೋನಿಯಲ್ ನಿಧಿಯು ನಾನಾ ದೇಶಗಳ ಸರಕಾರಿ ಸಾಲಪತ್ರಗಳನ್ನು ಕೊಂಡು, ೧೦೦ ಪೌಂಡಿನ ಮುಖಬೆಲೆಯ ಪತ್ರವನ್ನು ೮೫ ಪೌಂಡಿಗೆ ಮಾರಿ, ಮುಖಬೆಲೆಯ ಮೇಲೆ ಶೇಕಡಾ ೬ರಂತೆ ಕೊಡುವುದಾಗಿ ಹೇಳಿತು. ಕೊಂಡವನು ತೆತ್ತದ್ದು ೮೫ ಆದುದರಿಂದ ಅವನಿಗೆ ಬಿದ್ದದ್ದು ಶೇಕಡಾ ಸುಮಾರು ೭. ಮುಖಬೆಲೆಯ ಶೇಕಡಾವಾರು ಬೇರೆ, ತೆತ್ತ ಬೆಲೆಯ ಶೇಕಡಾವಾರು ಬೇರೆ ಎಂಬ ಸೂಕ್ಷ್ಮವನ್ನು ವಾಚಕರು ಇಲ್ಲಿ ಗಮನಿಸಬೇಕು.

ನಮ್ಮ ದೇಶದಲ್ಲಿ ೧೯೬೩ರ ಕಾಯದೆಯಿಂದ ಯೂನಿಟ್ ಟ್ರಸ್ಟ್ ಸ್ಥಾಪಿತವಾಗಿ, ೧೯೬೪ರ ಜುಲೈಯಲ್ಲಿ ೧೦ ರೂಪಾಯಿ ಮುಖಬೆಲೆಯ ಯೂನಿಟ್ಟುಗಳ ಮಾರಾಟ ಆರಂಭವಾಯಿತು. ಇದೇ ಪ್ರಸಿದ್ಧವಾದ ‘ಯು.ಎಸ್. ೬೪’. ಮೊದಲ ವರ್ಷ ಅದು ಕೊಟ್ಟ ಲಾಭಾಂಶ ಶೇಕಡಾ ೬.೧. ಏರುತ್ತ ಹೋದ ಈ ದರ ೧೯೯೩-೯೪ರಲ್ಲಿ ಶೇಕಡಾ ೨೬ನ್ನು ಮುಟ್ಟಿತು. ಮಧ್ಯಮ ವರ್ಗದ ಮನೆಗಳಲ್ಲಿ ಯೂನಿಟ್ಟೆಂದರೆ ಸರಕಾರದ ಹೊಣೆಯುಳ್ಳ ಠೇವಣಿಯೆಂಬ ಭಾವನೆ ಬೇರೂರಿತು. ಮುಖಬೆಲೆಯ ಶೇಕಡಾ ೨೬ ಎಂದರೆ ಯೂನಿಟ್ಟಿಗೆ ೨ ರೂಪಾಯಿ ೬೦ ಪೈಸೆ. ಅದನ್ನು ಒಬ್ಬನು ೧೬ ರೂಪಾಯಿ ಕೊಟ್ಟು ಕೊಂಡಿದ್ದನೆಂದು ಇಟ್ಟುಕೊಂಡರೆ ಅವನಿಗೆ ಬಿದ್ದದ್ದು ಶೇಕಡಾ ಸುಮಾರು ೧೬ ಮಾತ್ರ.

ಆದರೆ ದೊಡ್ಡ ದೋಷ ಬೇರೊಂದು ಇತ್ತು. ಯೂನಿಟ್ಟನ್ನು ಮಾರುವ, ಮರಳಿ ಕೊಳ್ಳುವ ಬೆಲೆಗಳು ಅದರ ಹಿಂದಿದ್ದ ಆಸ್ತಿಯ ನಿಜವಾದ ಮೌಲ್ಯಕ್ಕೆ ಕಟ್ಟುಬಿದ್ದಿರಲಿಲ್ಲ. ಲಾಭಾಂಶವು ಆ ವರ್ಷದ ಗಳಿಕೆಗಿಂತ ಜನರ ನಿರೀಕ್ಷೆಯನ್ನು ಹೆಚ್ಚಾಗಿ ಅನುಸರಿಸುತ್ತಿತ್ತು. ೧೯೯೮ರಲ್ಲಿ ಅದರ ಮೀಸಲು ನಿಧಿ ೧,೦೯೮ ಕೋಟಿ ರೂಪಾಯಿಗಳಷ್ಟು ಋಣಕ್ಕೆ ಇಳಿದಿತ್ತೆಂಬುದು ಪ್ರಕಟವಾಯಿತು. ೨೦೦೧ರ ಜುಲೈಯಲ್ಲಿ ಯೂನಿಟ್ಟುಗಳ ಮಾರಾಟವನ್ನೂ ಮರುಖರೀದಿಯನ್ನೂ ನಿಲ್ಲಿಸಬೇಕಾಯಿತು. ೨೦೦೨ರಲ್ಲಿ ಮೂಲ ಕಾಯದೆಯೇ ರದ್ದಾಯಿತು. ೨೦೦೩ರಲ್ಲಿ ಸಂಸ್ಥೆ ಇಬ್ಭಾಗವಾಯಿತು. ಯೂನಿಟ್ಟುದಾರರಿಗೆ ಸರಕಾರದ ಹೊಣೆಯ ಮೇಲೆ ಶೇಕಡಾ ೬.೭೫ರ ಬಾಂಡುಗಳು ದೊರೆತು, ೨೦೦೮ರಲ್ಲಿ ಅವು ತೀರಿದವು. ಗಳಿಸದ ಲಾಭವನ್ನು ಹಂಚಿದರೆ ಹಂಚಿದ್ದು ಮೂಲಧನವನ್ನೇ. ಆ ಮಾತು ಹಂಚುತ್ತಿರುವ ವರ್ಷಗಳಲ್ಲಿ ತಿಳಿಯುವುದಿಲ್ಲ. ಎಲ್ಲರೂ ಮರಳಿ ಕೇಳಿದ ದಿನ ತಿಳಿಯುತ್ತದೆ.

೫. ಲಾಭಾಂಶದ ಒಳಲೆಕ್ಕ

ಈಗ ಶಿಕ್ಷಕರ ಪ್ರಶ್ನೆಗೆ ಬರಬಹುದು. ಒಂದು ನಿಧಿಯ ಯೂನಿಟ್ಟಿನ ನಿವ್ವಳ ಮೌಲ್ಯ ೫೦ ರೂಪಾಯಿ. ಒಬ್ಬನಲ್ಲಿ ೧೦,೦೦೦ ಯೂನಿಟ್ಟುಗಳಿವೆ. ಒಟ್ಟು ೫ ಲಕ್ಷ. ನಿಧಿಯು ಯೂನಿಟ್ಟಿಗೆ ೧ ರೂಪಾಯಿ ಲಾಭಾಂಶ ಸಾರಿತು. ಅವನ ಕೈಗೆ ೧೦,೦೦೦ ರೂಪಾಯಿ ಬಂದಿತು. ಅದೇ ದಿನ ಯೂನಿಟ್ಟಿನ ಮೌಲ್ಯ ೪೯ಕ್ಕೆ ಇಳಿಯಿತು. ಅವನ ಹೂಡಿಕೆ ಈಗ ೪,೯೦,೦೦೦. ಎರಡನ್ನೂ ಕೂಡಿದರೆ ಮತ್ತೆ ೫ ಲಕ್ಷವೇ. ಬಲಗಿಸೆಯಿಂದ ಎಡಗಿಸೆಗೆ ಹಣ ಬಂದಿತೇ ಹೊರತು ಹೊಸದಾಗಿ ಏನೂ ಹುಟ್ಟಲಿಲ್ಲ.

ಹಾಗಾದರೆ ಹೊಸದಾಗಿ ಹುಟ್ಟುವುದು ಯಾವುದು? ನಿಧಿಯು ಕೊಂಡಿಟ್ಟ ಷೇರುಗಳ ಮೇಲೆ ಆಯಾ ಸಂಸ್ಥೆಗಳು ಕೊಡುವ ಲಾಭಾಂಶ, ಸಾಲಪತ್ರಗಳ ಬಡ್ಡಿ ಮತ್ತು ಷೇರುಗಳ ಬೆಲೆಯೇರಿಕೆ ಇವು ಮೂರೇ. ಈಚಿನ ವರ್ಷಗಳಲ್ಲಿ ನಮ್ಮ ದೊಡ್ಡ ಸಂಸ್ಥೆಗಳ ಷೇರುಗಳು ಒಟ್ಟಿನಲ್ಲಿ ಕೊಡುವ ಲಾಭಾಂಶವು ಪೇಟೆಯ ಬೆಲೆಯ ಶೇಕಡಾ ೧ರಿಂದ ೧.೫ರ ಆಸುಪಾಸಿನಲ್ಲಿದೆ. ಇದರಲ್ಲಿ ನಿಧಿಯನ್ನು ನಡೆಸುವ ವೆಚ್ಚವನ್ನು ಕಳೆಯಬೇಕು. ವೆಚ್ಚವು ಶೇಕಡಾ ೧.೫ ಇದ್ದರೆ ಸಂಸ್ಥೆಗಳಿಂದ ಬಂದ ಲಾಭಾಂಶವೆಲ್ಲ ಅದಕ್ಕೇ ಸಲ್ಲುತ್ತದೆ. ಅಂಥ ನಿಧಿಯು ವರ್ಷಕ್ಕೆ ಶೇಕಡಾ ೯ ಅಥವಾ ೧೦ ಹಂಚಿದರೆ ಅದು ಬೆಲೆಯೇರಿಕೆಯಿಂದ ಬರಬೇಕು. ಬೆಲೆ ಅಷ್ಟು ಏರದಿದ್ದರೆ ಹಿಂದೆ ಕೂಡಿಟ್ಟುದರಿಂದ, ಅಂದರೆ ಹೂಡಿಕೆದಾರನ ಸ್ವತ್ತಿನಿಂದಲೇ, ಬರಬೇಕು. ನಿಧಿಯ ಹಳೆಯ ಲಾಭ ಸೇರಿದ ಬೆಲೆಯನ್ನು ತೆತ್ತು ಹೊಸದಾಗಿ ಸೇರಿದವನಿಗೆ ಬರುವ ಲಾಭಾಂಶದಲ್ಲಿ ಅವನು ತೆತ್ತ ಹಣದ ಭಾಗವೇ ಇರಬಹುದು. ಈ ಕಾರಣದಿಂದಲೇ ಸೆಬಿಯು ೨೦೨೧ರ ಏಪ್ರಿಲ್ ೧ರಿಂದ ಮ್ಯೂಚುವಲ್ ಫಂಡುಗಳಲ್ಲಿ ‘ಲಾಭಾಂಶ’ ಎಂಬ ಹೆಸರನ್ನು ತೆಗೆದು ‘ಆದಾಯ ವಿತರಣೆ ಹಾಗೂ ಬಂಡವಾಳ ಹಿಂತೆಗೆತ’ ಎಂಬ ಅರ್ಥದ ಹೆಸರನ್ನು ಕಡ್ಡಾಯಪಡಿಸಿತು. ಹೆಸರು ಉದ್ದವಾದರೂ ಸತ್ಯಕ್ಕೆ ಹತ್ತಿರವಾಯಿತು.

ಶಿಕ್ಷಕರು ಐದು ವರ್ಷಗಳಲ್ಲಿ ಪಡೆದದ್ದು ೪,೮೦,೦೦೦, ಉಳಿದದ್ದು ೮,೩೦,೦೦೦, ಒಟ್ಟು ೧೩,೧೦,೦೦೦. ಆದ್ದರಿಂದ ನಿಧಿಯು ನಿಜವಾಗಿ ಗಳಿಸಿದುದು ೩,೧೦,೦೦೦. ಅವರು ಖರ್ಚು ಮಾಡಿದ ೪,೮೦,೦೦೦ದಲ್ಲಿ ಉಳಿದ ೧,೭೦,೦೦೦ ಅವರದೇ ಅಸಲು. ಯಾರೂ ಕದ್ದಿಲ್ಲ. ಆದರೆ ಕರಗುತ್ತಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ.

೬. ಕೊಂಡು ಇಟ್ಟುಕೊಳ್ಳುವವನ ಲೆಕ್ಕ

ಹಾಗೆಂದ ಮಾತ್ರಕ್ಕೆ ಲಾಭಾಂಶವನ್ನು ನಂಬುವುದು ಭ್ರಮೆಯೆಂದು ತಿಳಿಯಬೇಕಾಗಿಲ್ಲ. ಸಂಸ್ಥೆಗಳ ನಿಜವಾದ ಲಾಭದಿಂದ ಬರುವ ಲಾಭಾಂಶಕ್ಕೆ ಬಡ್ಡಿಯಲ್ಲಿ ಇಲ್ಲದ ಒಂದು ಗುಣವಿದೆ, ಅದು ಬೆಳೆಯಬಲ್ಲದು. ೪೦ ಲಕ್ಷ ರೂಪಾಯಿಗಳನ್ನು ಎಲ್ಲ ಉದ್ಯಮಗಳ ಷೇರುಗಳಲ್ಲಿ ಹರಡಿದ, ವೆಚ್ಚ ಅತ್ಯಲ್ಪವಾದ ನಿಧಿಯಲ್ಲಿ ಇಟ್ಟನೆಂದುಕೊಳ್ಳೋಣ. ಶೇಕಡಾ ೧.೨೫ರಂತೆ ಅದರ ಸಹಜ ಲಾಭಾಂಶ ವರ್ಷಕ್ಕೆ ೫೦,೦೦೦. ಅದೇ ಹಣ ಶೇಕಡಾ ೬.೫ರ ಠೇವಣಿಯಲ್ಲಿದ್ದರೆ ೨,೬೦,೦೦೦. ಇಂದು ನಿವೃತ್ತನಾದವನಿಗೆ ಮೊದಲನೆಯದು ಸಾಲದು. ಆದರೆ ಲಾಭಾಂಶವು ವರ್ಷಕ್ಕೆ ಶೇಕಡಾ ೯ರಂತೆ ಬೆಳೆದರೆ ೮ ವರ್ಷಗಳಲ್ಲಿ ೧ ಲಕ್ಷ, ೧೬ ವರ್ಷಗಳಲ್ಲಿ ೨ ಲಕ್ಷ, ೨೪ ವರ್ಷಗಳಲ್ಲಿ ೪ ಲಕ್ಷವಾಗುತ್ತದೆ. ಈ ಬೆಳವಣಿಗೆಗೆ ಯಾರ ಹೊಣೆಯೂ ಇಲ್ಲ. ಕೆಟ್ಟ ವರ್ಷಗಳಲ್ಲಿ ಅದು ತಗ್ಗುವುದೂ ಉಂಟು. ಒಟ್ಟಿನಲ್ಲಿ ಕೊಂಡು ಇಟ್ಟುಕೊಳ್ಳುವ ಪದ್ಧತಿಯು ತೆಂಗಿನ ಸಸಿ ನೆಟ್ಟಂತೆ. ನಲವತ್ತರಲ್ಲಿ ನೆಟ್ಟವನಿಗೆ ಅರವತ್ತೈದರಲ್ಲಿ ಕಾಯಿ. ಅರವತ್ತರಲ್ಲಿ ನೆಟ್ಟು ಅರವತ್ತೊಂದರಲ್ಲಿ ಕಾಯಿ ಬಯಸುವವನಿಗೆ ಅದು ಹೇಳಿಸಿದ ಬೆಳೆಯಲ್ಲ.

ತೆರಿಗೆಯ ವಿಷಯವನ್ನೂ ಮರೆಯುವಂತಿಲ್ಲ. ೨೦೨೦ರ ಏಪ್ರಿಲ್‌ನಿಂದ ಲಾಭಾಂಶವೆಲ್ಲ ಪಡೆದವನ ಆದಾಯಕ್ಕೆ ಸೇರಿ ಅವನ ದರದಲ್ಲಿ ತೆರಿಗೆಗೆ ಗುರಿಯಾಗುತ್ತದೆ. ಲಾಭಾಂಶದ ಬದಲು ಒಂದು ವರ್ಷಕ್ಕೆ ಮೇಲ್ಪಟ್ಟು ಇಟ್ಟುಕೊಂಡ ಷೇರುನಿಧಿಯ ಯೂನಿಟ್ಟುಗಳಲ್ಲಿ ೧ ಲಕ್ಷದಷ್ಟನ್ನು ಮಾರಿದರೆ, ಅವನ್ನು ಕೊಂಡ ಬೆಲೆ ೭೦,೦೦೦ ಆಗಿದ್ದಲ್ಲಿ, ಲಾಭವೆಂದು ಗಣನೆಗೆ ಬರುವುದು ೩೦,೦೦೦ ಮಾತ್ರ. ೨೦೨೪ರ ಜುಲೈ ೨೩ರಿಂದ ಇಂಥ ದೀರ್ಘಾವಧಿ ಲಾಭಕ್ಕೆ ವರ್ಷಕ್ಕೆ ೧,೨೫,೦೦೦ ರೂಪಾಯಿಗಳವರೆಗೆ ತೆರಿಗೆಯಿಲ್ಲ. ಮೇಲಿನದಕ್ಕೆ ಶೇಕಡಾ ೧೨.೫. ಕೈಗೆ ಬಂದ ಹಣ ಅಷ್ಟೇ ಆದರೂ ತೆರಿಗೆಯಲ್ಲಿ ಅಂತರ ಬೀಳುತ್ತದೆ. ಮೇಲಾಗಿ ಎಷ್ಟು ಮಾರಬೇಕು, ಯಾವಾಗ ಮಾರಬೇಕೆಂಬುದು ನಮ್ಮ ಕೈಯಲ್ಲಿರುತ್ತದೆ. ಅಸಲು ಎಷ್ಟು ಹೋಯಿತೆಂಬುದು ಯೂನಿಟ್ಟುಗಳ ಸಂಖ್ಯೆಯಲ್ಲಿಯೇ ಎದ್ದು ಕಾಣುತ್ತದೆ.

ಆದಕಾರಣ ನಿವೃತ್ತರಿಗೆ ನಾನು ಹೇಳುವುದು ಇಷ್ಟು. ಮೂರು ನಾಲ್ಕು ವರ್ಷಗಳ ಸಂಸಾರವೆಚ್ಚವು ಠೇವಣಿಯಲ್ಲಿಯೋ ಸರಕಾರದ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಯೋ ಇರಲಿ. ಷೇರುಪೇಟೆ ಕುಸಿದ ವರ್ಷ ಮಾರುವ ಪ್ರಸಂಗ ಬಾರದಿರಲೆಂದು ಈ ಏರ್ಪಾಡು. ಬೆಲೆಯೇರಿಕೆಯನ್ನು ಎದುರಿಸಲು ಬೇಕಾದ ಉಳಿದ ಭಾಗವು ವ್ಯಾಪಕವಾಗಿ ಹರಡಿದ, ಕಡಮೆ ವೆಚ್ಚದ ನಿಧಿಯಲ್ಲಿ ಕದಲದೆ ಇರಲಿ. ಯಾರಾದರೂ ‘ತಿಂಗಳಿಗೆ ಇಷ್ಟು ಲಾಭಾಂಶ’ ಎಂದು ಹೇಳಿದರೆ, ‘ಅದು ಎಲ್ಲಿಂದ ಬರುತ್ತದೆ?’ ಎಂಬ ಒಂದೇ ಪ್ರಶ್ನೆಯನ್ನು ಕೇಳಬೇಕು. ಸಂಸ್ಥೆಗಳ ಗಳಿಕೆಯಿಂದಲೋ, ಬೆಲೆಯೇರಿಕೆಯಿಂದಲೋ, ನಮ್ಮ ಮೂಲಧನದಿಂದಲೋ ಎಂಬುದಕ್ಕೆ ಅಂಕಿಗಳಲ್ಲಿ ಉತ್ತರ ಸಿಕ್ಕದಿದ್ದರೆ ಆ ಕಾಗದಕ್ಕೆ ಸಹಿ ಹಾಕತಕ್ಕದ್ದಲ್ಲ.

ಶಿಕ್ಷಕರು ಲೆಕ್ಕವನ್ನು ಎರಡು ಸಲ ಕೂಡಿ ನೋಡಿ, ಮಾಸಿಕ ಲಾಭಾಂಶವನ್ನು ನಿಲ್ಲಿಸುವ ಅರ್ಜಿಯನ್ನು ಬರೆದುಕೊಟ್ಟರು. ಉಷವದಾತನು ಕಾರ್ಷಾಪಣಗಳ ಲೆಕ್ಕವನ್ನು ಮುಚ್ಚಿಡಲಿಲ್ಲ. ಎಷ್ಟು ಇಟ್ಟೆ, ಎಲ್ಲಿ ಇಟ್ಟೆ, ಎಷ್ಟು ಬರುತ್ತದೆ, ಅದು ಯಾರಿಗೆ ಸಲ್ಲುತ್ತದೆ ಎಂಬುದನ್ನು ಎಲ್ಲರೂ ಓದುವಂತೆ ಕಲ್ಲಿನಲ್ಲಿ ಕೊರೆಯಿಸಿದನು. ನಮ್ಮ ಇಂದಿನ ನಿಧಿಗಳ ಪತ್ರಗಳೂ ಅಷ್ಟು ತಿಳಿಯಾಗಿದ್ದರೆ, ಮುಪ್ಪಿನಲ್ಲಿ ಅಸಲು ಎಲ್ಲಿ ಹೋಯಿತೆಂದು ಕೇಳುವ ಪ್ರಮೇಯ ಅನೇಕರಿಗೆ ಒದಗುತ್ತಿರಲಿಲ್ಲ.